ಪ್ರಶ್ನೆ ನಿಮ್ದು: ಯಾವ ತಗ್ಗು ಗ್ರಹದ್ದು, ಯಾವ ತಗ್ಗು ಕ್ಯಾಮೆರಾದ್ದು?

ಹೋದ ಸಂಚಿಕೆಯೊಳಗ ಬ್ಯಾರೆ ಸೂರ್ಯರ ಸುತ್ತ ತಿರುಗೋ ಗ್ರಹಗಳ ಬಗ್ಗೆ ಒಂದ್ ಸಣ್ಣ ಟಿಪ್ಪಣಿ ಬರದಿದ್ದೆ. ಅಂಥವು ಈಗ 6,000ಕ್ಕೂ ಹೆಚ್ಚು ಖಾತ್ರಿ ಆಗ್ಯಾವ, ಅದರಾಗ ಬಹುಪಾಲು ಗ್ರಹ ಅಡ್ಡ ಹಾಯ್ದಾಗ ನಕ್ಷತ್ರದ ಬೆಳಕು ಚೂರು ಕಡಿಮಿ ಆಗೋದನ್ನ (ಗ್ರಾಫ್‌ನಾಗ ಅದು ತಗ್ಗಿನಂಗ ಕಾಣ್ತದ) ನೋಡಿ ಹಿಡದದ್ದು, ಅದಕ್ಕ ಟ್ರಾನ್ಸಿಟ್ ಅಂತಾರ ಅಂತ. ಅಷ್ಟಕ್ಕ ಇಷ್ಟು ಪತ್ರ, ಇಷ್ಟು ವಾಟ್ಸಾಪ್ ಬರ್ತಾವಂತ ನಾ ತಿಳದಿರಲಿಲ್ಲ. ಅದಕ್ಕ ಈ ಸಲ ಉಳದ ಪ್ರಶ್ನೆ ಎಲ್ಲಾ ಬದಿಗಿಟ್ಟೀನಿ, ಗೀಸರ್ ಬಗ್ಗೆ ಕೇಳಿದವರು ಇನ್ನೊಂದ್ ತಿಂಗಳು ತಡಕೋರಿ.

ಪ್ರಶ್ನೆ: ಸಾವಿರಾರು ಗ್ರಹ ಸಿಕ್ಕಾವ ಅಂತೀರಿ, ಒಂದರದ್ದಾದ್ರೂ ಖರೆ ಫೋಟೋ ಯಾಕ ಹಾಕೂದಿಲ್ಲ? ಹಾಕೂದೆಲ್ಲಾ ಬಣ್ಣದ ಚಿತ್ರ.
ನಿವೃತ್ತ ಬ್ಯಾಂಕ್ ನೌಕರರು, ಕೇಶ್ವಾಪುರ, ಹುಬ್ಬಳ್ಳಿ

ಫೋಟೋ ಇದ್ರ ತಾನ ಸರ್ ಹಾಕೋದು. ನೀವು ಹೇಳೋ ಚಿತ್ರ ಎಲ್ಲಾ ಕಲಾವಿದರು ಬರದದ್ದು, ಅದನ್ನ ಕೆಳಗ ಸಣ್ಣ ಅಕ್ಷರದಾಗ ಹಾಕಿರ್ತಾರ, ನಾವು ಓದಂಗಿಲ್ಲ ಅಷ್ಟ. ನೇರವಾಗಿ ಫೋಟೋ ಸಿಕ್ಕ ಗ್ರಹ ಭಾಳ ಕಡಿಮಿ ಅದಾವ. ಗ್ರಹ ಹುಡುಕಾಕ ನಾಸಾ ಹಾರಿಸಿದ ದೂರದರ್ಶಕ ಕೆಪ್ಲರ್ ಆಗಲಿ ಟೆಸ್ ಆಗಲಿ ಗ್ರಹ ನೋಡೇ ಇಲ್ಲ, ನೋಡಿದ್ದು ನಕ್ಷತ್ರ ಮಾತ್ರ, ಅದೂ ಅದರ ಬೆಳಕು ಈ ಹೊತ್ತಿಗೆ ಎಷ್ಟು ಅನ್ನೋ ಒಂದ್ ಅಂಕಿ.

2012ರ ಜೂನ್ 6ರ ಮುಂಜಾನೆ ನೆನಪದ ಏನ್ರಿ? ಸೂರ್ಯ ಹುಟ್ಟೋ ಹೊತ್ತಿಗೇ ಶುಕ್ರ ಅದರ ಮ್ಯಾಲೆ ಕರಿ ಬಿಂದು ಆಗಿ ಕೂತಿತ್ತು, ಹತ್ತೂವರಿಯೊಳಗ ದಾಟಿ ಹೋತು. ಆವಾಗ ಸೂರ್ಯನ ಬೆಳಕು ಸಾವಿರದಾಗ ಒಂದ್ ಪಾಲು ಕಡಿಮಿ ಆಗಿತ್ತು, ಯಾರಿಗಾದ್ರೂ ಬಿಸಲು ಕಡಿಮಿ ಅನ್ನಿಸ್ತ? ಅದೂ ಶುಕ್ರ ನಮ್ಮ ಮಗ್ಗಲಾಗ ಇರೋದ್ರಿಂದ ಅಷ್ಟ ದೊಡ್ಡದು ಕಂಡಿದ್ದು. ಎಲ್ಲೋ ದೂರದ ಚುಕ್ಕಿ ಕಡೆಯಿಂದ ನಮ್ಮ ಸೂರ್ಯನ್ನ ನೋಡಿದ್ರ ಗುರು ಅಡ್ಡ ಬಂದಾಗ ನೂರಕ್ಕ ಒಂದು ಕಡಿಮಿ, ಭೂಮಿ ಅಡ್ಡ ಬಂದಾಗ ಹತ್ತು ಲಕ್ಷಕ್ಕ 84 ಅಷ್ಟ, ಅದೂ ವರ್ಷಕ್ಕೊಮ್ಮೆ, ಹೆಚ್ಚಂದ್ರ 13 ತಾಸು. ಮತ್ತ ಕಕ್ಷೆ ನಮ್ಮ ಕಣ್ಣಿನ ನೇರಕ್ಕ ಇದ್ರ ಮಾತ್ರ ಕಾಣ್ತದ, ಭೂಮಿಯಂಥ ಗ್ರಹಕ್ಕ ಆ ಅದೃಷ್ಟ ಇನ್ನೂರರಾಗ ಒಂದು. ಅದಕ್ಕ 2009ರಾಗ ಹಾರಿಸಿದ ಕೆಪ್ಲರ್ ಒಂದ ಆಕಾಶದ ತುಂಡು ಹಿಡಕೊಂಡು, ರಾಜಹಂಸ ಮತ್ತ ವೀಣಾ ನಕ್ಷತ್ರಪುಂಜದ ನಡುವಿಂದು, ಒಂದೂವರಿ ಲಕ್ಷಕ್ಕೂ ಹೆಚ್ಚು ನಕ್ಷತ್ರ ಒಟ್ಟಿಗೆ ನೋಡ್ತಾ ನಾಲ್ಕು ವರ್ಷ ಕಣ್ಣು ಮುಚ್ಚದಂಗ ಕೂತಿತ್ತು.

ಇನ್ನೊಂದು ವಿಷಯ ಕೇಳಿದ್ರ ನಿಮಗ ನಗು ಬರ್ತದ, ಕೆಪ್ಲರ್‌ನ ಫೋಕಸ್ ಬೇಕಂತನ ಸ್ವಲ್ಪ ಮಬ್ಬು ಇಟ್ಟಿದ್ರು. ಒಂದ್ ನಕ್ಷತ್ರದ ಬೆಳಕು ಒಂದ ಪಿಕ್ಸೆಲ್ ಮ್ಯಾಲೆ ಚೂಪಾಗಿ ಬಿದ್ರ ಅದು ತುಂಬಿ ಚೆಲ್ತದ, ಕೂದಲೆಳಿಯಷ್ಟು ಅಲುಗಾಡಿದ್ರೂ ಅಂಕಿ ಏರುಪೇರು ಆಗ್ತದ, ಹತ್ತಾರು ಪಿಕ್ಸೆಲ್ ಮ್ಯಾಲೆ ಹರಡಿದ್ರ ಲೆಕ್ಕ ಸ್ಥಿರ ಇರ್ತದ. ಚಂದ ಫೋಟೋ ಅವರಿಗೆ ಬೇಕಾಗೇ ಇರಲಿಲ್ಲ. ಬೆಳಕು ಹಿಡಿಯೋ ಚಿಪ್, ಅಂದ್ರ ಸಿಸಿಡಿ, 42, ಸುಮಾರು ಒಂಬತ್ತೂವರಿ ಕೋಟಿ ಪಿಕ್ಸೆಲ್, ಆರಾರು ಸೆಕೆಂಡಿನ 270 ಎಕ್ಸ್‌ಪೋಜರ್ ಅಲ್ಲೇ ಮ್ಯಾಲೆ ಕೂಡಿಸಿ ಅರ್ಧ ತಾಸಿಗೆ ಒಂದ್ ಅಂಕಿ. ಆ ಅಂಕಿಗಳಾದ್ರೂ ಎಲ್ಲಾ ಕೆಳಗ ಬರ್ತಿರಲಿಲ್ಲ, ಮೊದಲ ಆರಿಸಿಟ್ಟ ನಕ್ಷತ್ರದ ಸುತ್ತಿನ ಪಿಕ್ಸೆಲ್ ಅಷ್ಟ ಇಟ್ಕೊಂಡು ಉಳದದ್ದನ್ನ ಅಲ್ಲೇ ಬಿಟ್ಟುಬಿಡ್ತಿದ್ರು, ಎಲ್ಲಾ ಕಳಸೋಷ್ಟು ದೊಡ್ಡ ಲಿಂಕ್ ಇರಲಿಲ್ಲ.

ಪ್ರಶ್ನೆ: ಪೈಥಾನ್‌ನ ಲೈಟ್‌ಕರ್ವ್ ಪ್ಯಾಕೇಜ್ ಹಾಕ್ಕೊಂಡು ಟೆಸ್‌ನ ಎರಡು ನಿಮಿಷದ ಡೇಟಾ ಇಳಿಸಿಕೊಂಡೆ. ಸ್ಯಾಪ್, ಪಿಡಿಸಿ-ಸ್ಯಾಪ್ ಅಂತ ಎರಡು ಕಾಲಂ ಇದಾವೆ, ಯಾವುದು ತಗೋಬೇಕು? ಇನ್ನೊಂದು, ಕಣ್ಣಿಗೆ ಕಾಣ್ತಿದ್ದ ತಗ್ಗು ಫ್ಲ್ಯಾಟನ್ ಕೊಟ್ಟಮೇಲೆ ಅರ್ಧಕ್ಕರ್ಧ ಮಾಯ ಆಯ್ತು. ಎಲ್ಲಿ ತಪ್ಪಿದೆ?
ಎಂಎಸ್ಸಿ ಫಿಸಿಕ್ಸ್ ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

ಈ ತಿಂಗಳ ಚಲೋ ಪ್ರಶ್ನೆ ಇದು ನೋಡವಾ, ಯಾಕಂದ್ರ ಈ ಕೆಲಸದ ಕಷ್ಟ ಎಲ್ಲಾ ನಿನ್ನ ಎರಡನೇ ಪ್ರಶ್ನೆಯೊಳಗ ಕೂತದ. ಹೊಲಸು ತಗೀಬೇಕು, ಆದ್ರ ಒರೆಸೋ ಭರದಾಗ ಗ್ರಹನೂ ಒರೆಸಿ ಹೋಗಬಾರದು.

ಮೊದಲ ಸ್ಯಾಪ್ ಅಂದ್ರ ಏನು ಅಂತ ನೋಡೂಣು. ಕ್ಯಾಮೆರಾದಿಂದ ಬಂದ ಕಚ್ಚಾ ಅಂಕಿ ನಕ್ಷತ್ರದ್ದಷ್ಟ ಅಲ್ಲ, ಅದರಾಗ ಎಲೆಕ್ಟ್ರಾನಿಕ್ಸ್ ತನ್ನಷ್ಟಕ್ಕ ಕೂಡಿಸಿದ ಬಯಾಸ್ ಇರ್ತದ, ಬೆಳಕಿಲ್ಲದಿದ್ರೂ ತಾನಾಗೇ ಹುಟ್ಟೋ ಡಾರ್ಕ್ ಕರೆಂಟ್ ಇರ್ತದ, ಪಿಕ್ಸೆಲ್ ಪಿಕ್ಸೆಲ್‌ಗೆ ಬ್ಯಾರೆ ಬ್ಯಾರೆ ಸೂಕ್ಷ್ಮತೆ ಇರ್ತದ, ಮತ್ತ ಕೆಪ್ಲರ್‌ಗಾಗಲಿ ಟೆಸ್‌ಗಾಗಲಿ ಶಟರ್ ಇಲ್ಲ, ಹಂಗಾಗಿ ಅಂಕಿ ಓದೋ ಹೊತ್ತಿನಾಗೂ ಬೆಳಕು ಬೀಳ್ತಾನ ಇರ್ತದ, ನಕ್ಷತ್ರ ಕಂಬಸಾಲಿನ ತುಂಬ ಸವರಿಕೊಂಡಂಗ ಆಗ್ತದ. ಇದನ್ನೆಲ್ಲಾ ಕಳದದ್ದು ಮೊದಲನೇ ಹಂತ. ಆಮ್ಯಾಲೆ ಕಾಸ್ಮಿಕ್ ಕಿರಣ, ಆಕಾಶದಿಂದ ಬಂದು ಪಿಕ್ಸೆಲ್‌ಗೆ ಬಡದು ಸುಳ್ಳು ಬೆಳಕು ತೋರಿಸೋ ಕಣ. ಟೆಸ್ ಇದನ್ನ ಮ್ಯಾಲೇ ಮುಗಸ್ತದ, ಎರಡೆರಡು ಸೆಕೆಂಡಿನ ಹತ್ತು ಎಕ್ಸ್‌ಪೋಜರ್ ತಗೊಂಡು ಪ್ರತಿ ಪಿಕ್ಸೆಲ್‌ಗೂ ಎಲ್ಲಕ್ಕಿಂತ ದೊಡ್ಡದು ಒಂದು, ಸಣ್ಣದು ಒಂದು ಒಗದು ಎಂಟನ್ನ ಕೂಡಸ್ತದ. ಆಮ್ಯಾಲೆ ಯಾವ ಪಿಕ್ಸೆಲ್ ಎಣಿಸಬೇಕು ಅಂತ ಆರಿಸಿ, ಆಕಾಶದ ಹಿಂದಿನ ಬೆಳಕು ಕಳದು, ಉಳದದ್ದು ಕೂಡಿಸಿದ್ರ ಬರೋದು ಸ್ಯಾಪ್. ಸಮಯದ ಕಾಲಂ ಕೂಡ ತಿದ್ದಿದ್ದು ಇರ್ತದ ನೋಡು. ದೂರದರ್ಶಕ ಸೂರ್ಯನ ಸುತ್ತ ತಿರಗೋದ್ರಿಂದ ಬೆಳಕು ಒಮ್ಮೆ ಎಂಟು ನಿಮಿಷ ಮೊದಲ ಬರ್ತದ, ಒಮ್ಮೆ ಎಂಟು ನಿಮಿಷ ತಡ, ಹಂಗಾಗಿ ಎಲ್ಲಾ ಸಮಯ ಸೌರಮಂಡಲದ ತೂಕದ ನಡುಬಿಂದುವಿಗೆ ಹೊಂದಿಸಿರ್ತಾರ.

ಇಷ್ಟಾದ್ರೂ ಸ್ಯಾಪ್ ಗ್ರಾಫ್ ಹಾಕಿದ್ರ ಅದು ಡೊಂಕು ಡೊಂಕಾಗಿ ಹೊಂಟಿರ್ತದ. ಕೆಪ್ಲರ್ ತಿಂಗಳಿಗೊಮ್ಮೆ ಡೇಟಾ ಕಳಸಾಕ ಮೈ ಹೊಳ್ಳಿಸಿ ಆಂಟೆನಾ ಭೂಮಿ ಕಡೆ ಮಾಡ್ತಿತ್ತು, ಮತ್ತ ತಿರುಗಿ ಬಂದ ಮ್ಯಾಲೆ ದೂರದರ್ಶಕದ ಬಿಸಿ ಬದಲಾಗಿ ಫೋಕಸ್ ಕೆಲವು ದಿನ ಸರೀತಿತ್ತು, ಮೂರು ತಿಂಗಳಿಗೊಮ್ಮೆ 90 ಡಿಗ್ರಿ ಹೊಳ್ಳತಿತ್ತು, ಆವಾಗ ನಿನ್ನ ನಕ್ಷತ್ರ ಬ್ಯಾರೆ ಸಿಸಿಡಿ ಮ್ಯಾಲೆ ಹೋಗಿ ಬೆಳಕಿನ ಮಟ್ಟ ಒಮ್ಮೆಲೇ ಜಿಗೀತಿತ್ತು. ಟೆಸ್‌ಗೆ ಇನ್ನೊಂದ್ ನಮೂನಿ ಕಾಟ, ಅದರ ಕಕ್ಷೆ 13.7 ದಿನದ್ದು, ಪ್ರತಿ ಸುತ್ತಿನ್ಯಾಗ ಭೂಮಿ ಸಮೀಪ ಬಂದಾಗ ಭೂಮಿದು ಮತ್ತ ಕೆಲವೊಮ್ಮೆ ಚಂದ್ರಂದು ಬೆಳಕು ಕ್ಯಾಮೆರಾದೊಳಗ ಚದುರಿ ಬೀಳ್ತದ.

ಇದನ್ನ ತಗಿಯೋ ಉಪಾಯ ಏನಂದ್ರ, ಒಂದ ಸಿಸಿಡಿ ಮ್ಯಾಲಿನ ನೂರಾರು ನಕ್ಷತ್ರ ಒಟ್ಟಿಗೆ ಒಂದ ರೀತಿ ಏರಿಳಿದ್ರ ಅದು ನಕ್ಷತ್ರದ ಗುಣ ಅಲ್ಲ, ಕ್ಯಾಮೆರಾದ ಗುಣ. ಹತ್ತಾರು ಬೆಳಕಿನ ವರ್ಷದಿಂದ ಸಾವಿರಾರು ಬೆಳಕಿನ ವರ್ಷ ದೂರ ದೂರ ಇರೋ ನಕ್ಷತ್ರ ಮಾತಾಡಿಕೊಂಡು ಒಂದ ಹೊತ್ತಿಗೆ ಮಬ್ಬಾಗಂಗಿಲ್ಲಲ್ಲ. ಆ ಸಾಮಾನ್ಯ ಏರಿಳಿತನ ಕೆಲವು ಬೇಸಿಸ್ ವೆಕ್ಟರ್, ಅಂದ್ರ ಮಾದರಿ ಗೆರಿ, ಮಾಡಿ ಪ್ರತಿ ನಕ್ಷತ್ರದಿಂದ ತಕ್ಕಷ್ಟು ಕಳೀತಾರ, ಉಳದದ್ದು ಪಿಡಿಸಿ-ಸ್ಯಾಪ್. ತಕ್ಕಷ್ಟು ಅಂದೆ ನೋಡು, ಅಲ್ಲೇ ಇರೋದು ಸಿಕ್ಕು. ಲೆಕ್ಕಕ್ಕ ಪೂರ್ತಿ ಸ್ವಾತಂತ್ರ್ಯ ಕೊಟ್ರ ಅದು ನಕ್ಷತ್ರದ ಸ್ವಂತ ಏರಿಳಿತ, ಕಲೆ ತಿರುಗಿ ಬರೋದು, ಮಿಡಿಯೋದು, ಅದನ್ನೂ ಹೆಂಗೋ ಜೋಡಿಸಿ ತಿಂದುಬಿಡ್ತದ. ಅದಕ್ಕ ಬಾಜೂಕಿನ ನಕ್ಷತ್ರಗಳಿಗೆ ಎಷ್ಟು ತಿದ್ದುಪಡಿ ಬೇಕಾಗಿತ್ತು ಅಂತ ನೋಡಿ ಇದಕ್ಕೂ ಸುಮಾರು ಅಷ್ಟಿರಬೇಕು ಅಂತ ಬೇಯ್ಸ್ ಅನ್ನೋ ಗಣಿತಜ್ಞನ ಸಂಭವನೀಯತೆ ಲೆಕ್ಕದಿಂದ ಮೂಗುದಾಣ ಹಾಕ್ಯಾರ. ಗ್ರಹ ಹುಡಕೋದಿದ್ರ ಪಿಡಿಸಿ-ಸ್ಯಾಪ್ ತಗೋ. ತಿಂಗಳುಗಟ್ಟಲೆ ನಿಧಾನ ಬದಲಾಗೋ ನಕ್ಷತ್ರ ಓದೋದಿದ್ರ ಅದನ್ನ ಕಣ್ಣು ಮುಚ್ಚಿ ನಂಬಬ್ಯಾಡ, ಎರಡೂ ಒಂದರ ಮ್ಯಾಲೊಂದು ಹಾಕಿ ನೋಡು.

ಇನ್ನ ನಿನ್ನ ಮಾಯ ಆದ ತಗ್ಗು. ಫ್ಲ್ಯಾಟನ್ ಅಂದ್ರ ನಿಧಾನ ಏರಿಳಿತ ಸಪಾಟು ಮಾಡೋ ಆದೇಶ, ಅದರೊಳಗ ವಿಂಡೋ ಲೆಂಗ್ತ್ ಅಂತ ಒಂದ್ ಅಂಕಿ ಇರ್ತದ, ಏನೂ ಹೇಳದಿದ್ರ 101 ಅಂತ ತಗೊಳ್ತದ. ಆ 101 ತಾಸಲ್ಲ, ನಿಮಿಷ ಅಲ್ಲ, ಬಿಂದುಗಳ ಎಣಿಕೆ! ಕೆಪ್ಲರ್‌ನ ಅರ್ಧ ತಾಸಿನ ಡೇಟಾಕ್ಕ 101 ಬಿಂದು ಅಂದ್ರ ಎರಡು ದಿನದ ಮ್ಯಾಲೆ ಚೂರು, ಮೂರು ತಾಸಿನ ತಗ್ಗಿಗೆ ಏನೂ ಆಗಂಗಿಲ್ಲ. ನಿನ್ನ ಎರಡು ನಿಮಿಷದ ಡೇಟಾಕ್ಕ ಅದ 101 ಅಂದ್ರ 202 ನಿಮಿಷ, ಮೂರೂವರಿ ತಾಸೂ ಆಗಲಿಲ್ಲ. ಆವಾಗ ಆ ಫಿಲ್ಟರ್ ತಗ್ಗಿನೊಳಗ ತಾನೂ ಇಳೀತದ, ತಗ್ಗನ್ನ ನಕ್ಷತ್ರದ ಸ್ವಭಾವ ಅಂತ ತಿಳದು ಅದನ್ನೂ ಸಪಾಟು ಮಾಡ್ತದ, ಬದಿಗೆ ಇಲ್ಲದ ಎರಡು ದಿಬ್ಬ ಬ್ಯಾರೆ ಎಬ್ಬಸ್ತದ. ವಿಂಡೋ ಯಾವಾಗಲೂ ಟ್ರಾನ್ಸಿಟ್‌ನ ಕಾಲಕ್ಕಿಂತ ಕಡಿಮಿ ಅಂದ್ರೂ ಮೂರು ಪಟ್ಟು ಇರ್ಲಿ, ನಿನಗ ಆರುನೂರು ಏಳುನೂರು ಬಿಂದು ಹಾಕಿ ನೋಡು, ಬೆಸ ಸಂಖ್ಯೆ ಇರ್ಲಿ. ಒಮ್ಮೆ ತಗ್ಗಿನ ಜಾಗ ಗೊತ್ತಾದ ಮ್ಯಾಲೆ ಅದನ್ನ ಮಾಸ್ಕ್ ಮಾಡಿ, ಅಂದ್ರ ಲೆಕ್ಕಕ್ಕ ಸಿಗದಂಗ ಮುಚ್ಚಿಟ್ಟು, ಮತ್ತೊಮ್ಮೆ ಫ್ಲ್ಯಾಟನ್ ಕೊಟ್ರ ಇನ್ನೂ ಚಲೋ.

ಔಟ್‌ಲೈಯರ್ ತಗಿಯೋದು ಅಂತ ಇನ್ನೊಂದು ಕತ್ತರಿ ಅದ, ಅದೂ ಹಂಗ, ಮ್ಯಾಲಕ್ಕ ಹಾರಿದ ಬಿಂದು ಕತ್ತರಿಸು, ಕೆಳಗಿನವಕ್ಕ ಕೈ ಹಚ್ಚಬ್ಯಾಡ. ದೊಡ್ಡ ಗ್ರಹದ ತಳದ ಬಿಂದು ಎಲ್ಲಾ ಕತ್ತರಿಸಿ ಒಗದು ಇಲ್ಲೇನೂ ಇಲ್ಲ ಅಂತ ಕೂತವರು ಬೇಕಾದಷ್ಟು ಮಂದಿ. ಕಲಿಯೋ ಮಟ್ಟಿಗೆ ಹ್ಯಾಟ್-ಪಿ-7 ಇಲ್ಲಾ ವಾಸ್ಪ್-18 ತಗೋ, ಉತ್ತರ ಮೊದಲ ಗೊತ್ತಿರೋ ಗ್ರಹ, ನೀ ಮಾಡಿದ್ದು ಸರಿನೋ ತಪ್ಪೋ ತಕ್ಷಣ ತಿಳೀತದ.

ಪ್ರಶ್ನೆ: ಬೆಳಕು ಒಮ್ಮೆ ಕಡಿಮೆಯಾದರೆ ಅದಕ್ಕೆ ನೂರು ಕಾರಣ ಇರಬಹುದು. ಕಂಪ್ಯೂಟರ್ ಗ್ರಹದ ಅವಧಿ ಹೇಗೆ ಹುಡುಕುತ್ತದೆ? ನಮ್ಮ ಮಕ್ಕಳಿಗೆ ಹೇಳುವಂತೆ ಬರೆಯಿರಿ.
ಹೈಸ್ಕೂಲ್ ಮಾಸ್ತರು, ಬ್ಯಾಡಗಿ

ಮಾಸ್ತರ್ರ, ಮಕ್ಕಳಿಗೆ ನಳದ ನೀರಿಂದ ಹೇಳ್ರಿ. ದಿನಾ ನೀರು ಬರದ ಓಣಿಯೊಳಗ ಒಬ್ರ ಮನಿ ಕ್ಯಾಲೆಂಡರ್ ಸಿಕ್ತು ಅನ್ಕೋರಿ, ನೀರು ಬಂದ ದಿನ ಗುರುತು ಹಾಕ್ಯಾರ, ಆದ್ರ ಕೆಲವು ಅಳಿಸ್ಯಾವ, ಕೆಲವು ಮೊಮ್ಮಗ ಸುಮ್ನ ಗೀಚಿದ್ದು. ದಿನಗಳನ್ನ ಐದೈದರ ಸಾಲು ಮಾಡಿ ಬರದ್ರ ಗುರುತು ಎಲ್ಲೆಲ್ಲೋ ಚದುರ್ತಾವ, ಆರರ ಸಾಲಿಗೂ ಅಷ್ಟ, ಎಂಟರ ಸಾಲು ಮಾಡಿದ ಕೂಡಲೇ ಬಹಳಷ್ಟು ಗುರುತು ಒಂದ ಕಂಬಸಾಲಿನಾಗ ಬಂದು ನಿಂತ್ರ, ಎಂಟು ದಿನಕ್ಕೊಮ್ಮೆ ನೀರಿನ ಪಾಳಿ ಅಂತ ಗೊತ್ತಾತು. ಮೊಮ್ಮಗನ ಗೀಚು ಮಾತ್ರ ಹೊರಗ ಉಳೀತು.

ಕಂಪ್ಯೂಟರ್ ಮಾಡೋದೂ ಇದನ್ನ, ಬೆಳಕಿನ ಗ್ರಾಫ್‌ನ ಸಾವಿರಾರು ಬ್ಯಾರೆ ಬ್ಯಾರೆ ಅವಧಿಗೆ ಮಡಚಿ ಮಡಚಿ ನೋಡ್ತದ, ಪ್ರತಿ ಸಲ ಸಪಾಟು ತಳದ ಒಂದ್ ಚೌಕ ತಗ್ಗು ಎಲ್ಲಾದ್ರೂ ಕೂಡ್ತದೇನು ಅಂತ ಅಳೀತದ. ಬಾಕ್ಸ್ ಲೀಸ್ಟ್ ಸ್ಕ್ವೇರ್ಸ್ ಅಂತ ಇದಕ್ಕ, 2002ರಾಗ ಕೊವಾಚ್, ಜುಕರ್, ಮಝೇ ಅನ್ನೋ ಮೂವರು ಕೊಟ್ಟ ವಿಧಾನ, ನಿಮ್ಮ ಶಾಲೆಯ ಕಂಪ್ಯೂಟರ್ ಮ್ಯಾಲೂ ಓಡ್ತದ. ನಾಸಾದ ಏಮ್ಸ್ ಕೇಂದ್ರದಾಗ ಕೆಪ್ಲರ್‌ಗೆ ಅಂತ ಕಟ್ಟಿದ ವ್ಯವಸ್ಥೆ ಇನ್ನೂ ಸ್ವಲ್ಪ ಸೂಕ್ಷ್ಮ, ಅದು ವೇವ್ಲೆಟ್ ಲೆಕ್ಕದಿಂದ ಈ ನಕ್ಷತ್ರದ ಗದ್ದಲ, ಅಂದ್ರ ಅಂಕಿಯೊಳಗಿನ ಸುಮ್ಮನ ಏರುಪೇರು, ಯಾವ ಕಾಲಮಾನದಾಗ ಎಷ್ಟು ಅಂತ ಮೊದಲ ತೂಗಿ, ಗದ್ದಲ ಹೆಚ್ಚಿದ್ದ ಕಡೆ ಕಂಡ ತಗ್ಗಿಗೆ ಕಡಿಮಿ ಬೆಲೆ ಕೊಡ್ತದ.

ಮಡಚೋದ್ರಿಂದ ಲಾಭ ಏನಂದ್ರ, ಗದ್ದಲ ಒಂದಕ್ಕೊಂದು ಹೊಡದು ಹೋಗ್ತದ, ತಗ್ಗು ಉಳೀತದ. ನಾಲ್ಕು ಟ್ರಾನ್ಸಿಟ್ ಸಿಕ್ರ ಸುಳಿವು ಎರಡು ಪಟ್ಟು ಗಟ್ಟಿ, ಒಂಬತ್ತು ಸಿಕ್ರ ಮೂರು ಪಟ್ಟು, ವರ್ಗಮೂಲದ ಲೆಕ್ಕ, ಹತ್ತನೇ ಹುಡುಗರಿಗೆ ತಿಳೀತದ. ಎಷ್ಟು ಗಟ್ಟಿ ಇದ್ರ ಸಾಕು? ಕೆಪ್ಲರ್‌ನವರು 7.1 ಸಿಗ್ಮಾ, ಅಂದ್ರ ಸುಳಿವು ಗದ್ದಲದ 7.1 ಪಟ್ಟು ಇರಬೇಕು, ಅಂತ ಗೆರಿ ಎಳದ್ರು. ಸಂಖ್ಯಾಶಾಸ್ತ್ರ ಓದಿದವರಿಗೆ ಇದು ಅತಿ ಆತು ಅನ್ನಿಸ್ತದ, ಸಾಮಾನ್ಯ ಕೆಲಸಕ್ಕ ಮೂರು ಸಿಗ್ಮಾನ ಭಾಳ. ಆದ್ರ ಲಕ್ಷಗಟ್ಟಲೆ ನಕ್ಷತ್ರ, ಪ್ರತಿಯೊಂದಕ್ಕ ಎಲ್ಲಾ ಅವಧಿ, ಎಲ್ಲಾ ಶುರುವಾತಿನ ಸಮಯ, ಎಲ್ಲಾ ಉದ್ದ ಹಾಕಿ ನೋಡಿದ್ರ ಒಟ್ಟು ಪರೀಕ್ಷೆ ಲಕ್ಷ ಕೋಟಿ ಹತ್ರ ಹೋಗ್ತಾವ, ಅಷ್ಟು ಸಲ ನಾಣ್ಯ ಚಿಮ್ಮಿದ್ರ ಎಂಥಾ ವಿಚಿತ್ರನೂ ತಾನಾಗೇ ಬರ್ತದ. ಅಷ್ಟರಾಗ ಬರೇ ಗದ್ದಲದಿಂದ ಹುಟ್ಟೋ ಸುಳ್ಳು ಒಂದಕ್ಕಿಂತ ಕಡಿಮಿ ಇರಬೇಕಂದ್ರ 7.1 ಬೇಕು.

ಕೆಪ್ಲರ್‌ಗೆ ಪೆಟ್ಟು ಬಿದ್ದದ್ದೂ ಇಲ್ಲೇ. ಹನ್ನೆರಡನೇ ಕಾಂತಿಮಾನದ, ಅಂದ್ರ ಬರಿಗಣ್ಣಿಗೆ ಕಾಣದಷ್ಟು ಮಸುಕಾದ, ಸೂರ್ಯನಂಥ ನಕ್ಷತ್ರದಾಗ ಆರೂವರಿ ತಾಸಿನ ಗದ್ದಲ ಹತ್ತು ಲಕ್ಷಕ್ಕ 20 ಇರ್ತದ ಅಂತ ಯೋಜನೆ ಹಾಕಿದ್ರು, ಬಂದದ್ದು 30 ಸಮೀಪ. ಯಂತ್ರದ್ದಷ್ಟ ಅಲ್ಲ ತಪ್ಪು, ಆ ನಕ್ಷತ್ರಗಳೇ ನಮ್ಮ ಸೂರ್ಯನಕಿಂತ ಚಡಪಡಿಸೋವು. ಭೂಮಿಯ 84ರ ತಗ್ಗು ಅದರಾಗ ಮಸುಕಾತು, ಅದೇ ಗೆರಿ ಮುಟ್ಟಾಕ ಇನ್ನಷ್ಟು ವರ್ಷ ನೋಡಬೇಕಾತು, ಅಷ್ಟರಾಗ 2013ರ ಮೇ ಬಂತು, ಅದರ ಕಥಿ ಮುಂದ ಅದ.

ಪ್ರಶ್ನೆ: ಗ್ರಹ ಸಿಕ್ತು ಅಂತ ಸುದ್ದಿ ಬರತೈತಿ, ಆಮ್ಯಾಲೆ ಅದು ಗ್ರಹ ಅಲ್ಲಂತ ಅಂತಾರ. ಮೊದಲ ಸರಿಯಾಗಿ ನೋಡಿ ಹೇಳಾಕ ಏನ್ ಧಾಡಿ?
ಪ್ರಿಂಟಿಂಗ್ ಪ್ರೆಸ್ ನಡಸೋರು, ಗದಗ

ನಿಮ್ಮ ಸಿಟ್ಟು ಸುದ್ದಿ ಬರಿಯೋರ ಮ್ಯಾಲೆ ಇರ್ಲಿ, ಹುಡುಕೋರ ಮ್ಯಾಲೆ ಬ್ಯಾಡ್ರಿ. ಅವರು "ಕ್ಯಾಂಡಿಡೇಟ್" ಅಂತ ಹೇಳಿರ್ತಾರ, ಅಂದ್ರ ಉಮೇದುವಾರ ಅಷ್ಟ, ನಮ್ಮ ಪೇಪರ್ ಮತ್ತ ಯೂಟ್ಯೂಬ್ ಮಂದಿ ಅವನ್ನ ಅವತ್ತೇ ಗೆಲ್ಲಿಸಿಬಿಡ್ತಾರ. ಕೆಪ್ಲರ್‌ನ ಕೊನೆಯ ದೊಡ್ಡ ಪಟ್ಟಿ, 2017ರದ್ದು, ಅದರಾಗ ಕಂಪ್ಯೂಟರ್ ಗೆರಿ ದಾಟಿಸಿದ ಸುಳಿವು 34,032, ಜರಡಿ ಹಿಡದ ಮ್ಯಾಲೆ ಉಮೇದುವಾರರಾಗಿ ಉಳದದ್ದು 4,034. ಹೆಚ್ಚುಕಡಿಮಿ ಒಂಬತ್ತು ಭಾಗದಾಗ ಎಂಟು ಭಾಗ ಕಸ!

ದೊಡ್ಡ ಮೋಸಗಾರ ಅಂದ್ರ ಜೋಡಿ ನಕ್ಷತ್ರ. ಎರಡು ನಕ್ಷತ್ರ ಒಂದಕ್ಕೊಂದು ಅಡ್ಡ ಬಂದ್ರೂ ತಗ್ಗು ಬೀಳ್ತದ. ಅದನ್ನ ಹಿಡಿಯೋದು ಹೆಂಗಂದ್ರ ಒಂದನೇ, ಮೂರನೇ, ಐದನೇ ತಗ್ಗು ಒಂದ್ ಕಡೆ, ಎರಡನೇ, ನಾಲ್ಕನೇದು ಒಂದ್ ಕಡೆ ಇಟ್ಟು ಆಳ ಹೋಲಿಸಬೇಕು, ಬ್ಯಾರೆ ಬ್ಯಾರೆ ಇದ್ರ ಅವು ಇಬ್ಬರು, ಒಬ್ಬಾಕಿ ಹೆಚ್ಚು ಕಾಂತಿ ಇನ್ನೊಬ್ಬಾಕಿ ಕಡಿಮಿ. ಇನ್ನ ಸೂಕ್ಷ್ಮ ಮೋಸ ಅಂದ್ರ ಆ ಜೋಡಿ ನಿಮ್ಮ ನಕ್ಷತ್ರದ ಹಿಂದ ಎಲ್ಲೋ ಮಸುಕಾಗಿ ಇದ್ದು ಅದರ ಬೆಳಕು ಇದರೊಳಗ ಕಲತದ್ದು, ಅವರದ್ದು ಅರ್ಧಕ್ಕರ್ಧ ಕಡಿಮಿ ಆದ್ರೂ ಇಲ್ಲಿ ಕೂಡಿದ ಮ್ಯಾಲೆ ಪುಟ್ಟ ಗ್ರಹದ ತಗ್ಗಿನಂಗ ಕಾಣ್ತದ. ಅದಕ್ಕ ತಗ್ಗಿನ ಹೊತ್ತಿನ್ಯಾಗ ಬೆಳಕಿನ ನಡುಬಿಂದು ಚೂರಾದ್ರೂ ಸರೀತೇನು ಅಂತ ಪಿಕ್ಸೆಲ್‌ನ ಸಾವಿರದ ಭಾಗದ ಮಟ್ಟಕ್ಕ ಅಳೀತಾರ. ಸರದ್ರ ಕಡಿಮಿ ಆದದ್ದು ನಿಮ್ಮ ನಕ್ಷತ್ರ ಅಲ್ಲ, ಬಾಜೂಕಿನವ. ಟೆಸ್‌ಗೆ ಇದು ಇನ್ನೂ ತ್ರಾಸು, ಯಾಕಂದ್ರ ಅದರ ಲೆನ್ಸ್ ಬರೇ ಹತ್ತೂವರಿ ಸೆಂಟಿಮೀಟರ್, ಒಂದ್ ಪಿಕ್ಸೆಲ್ ಆಕಾಶದ 21 ಆರ್ಕ್‌ಸೆಕೆಂಡ್ (ಒಂದ್ ಡಿಗ್ರಿಯ 3,600ನೇ ಭಾಗ ಒಂದ್ ಆರ್ಕ್‌ಸೆಕೆಂಡ್) ಹಿಡೀತದ, ಕೆಪ್ಲರ್‌ದು ನಾಲ್ಕು. ಒಂದ ಪಿಕ್ಸೆಲ್‌ನಾಗ ಎಷ್ಟೋ ನಕ್ಷತ್ರ ಗರ್ದಿ ಮಾಡಿಕೊಂಡು ಕೂತಿರ್ತಾವ.

ನನಗ ಎಲ್ಲಕ್ಕಿಂತ ಮಜಾ ಅನ್ನಿಸೋದು 372 ದಿನದ ಕಥಿ. ಕೆಪ್ಲರ್ ಸೂರ್ಯನ ಸುತ್ತ ಹಾಕೋ ಅವಧಿ ಸುಮಾರು 372 ದಿನ, ನಾಲ್ಕು ಸಲ 90 ಡಿಗ್ರಿ ಹೊಳ್ಳಿ ಒಂದ್ ಸುತ್ತು ಆದ ಮ್ಯಾಲೆ ಪ್ರತಿ ನಕ್ಷತ್ರ ಮತ್ತ ಅದ ಸಿಸಿಡಿಗೆ ಬರ್ತದ. ಕೆಲವು ಸಿಸಿಡಿಯೊಳಗ ಎಲೆಕ್ಟ್ರಾನಿಕ್ಸ್ ದೋಷದಿಂದ ಪಟ್ಟಿ ಪಟ್ಟಿ ಗದ್ದಲ ತೇಲತಿತ್ತು, ಹಂಗಾಗಿ ನಕ್ಷತ್ರ ಅಲ್ಲಿಗೆ ಬಂದಾಗೊಮ್ಮೆ, ಅಂದ್ರ ವರ್ಷಕ್ಕೊಮ್ಮೆ, ಸುಳ್ಳು ತಗ್ಗು. ಯಾವುದನ್ನ ಹುಡುಕಾಕ ಹೋಗಿದ್ರೋ, ವರ್ಷದ ಅವಧಿಯ ಭೂಮಿಯಂಥ ಗ್ರಹ, ಸರಿಯಾಗಿ ಅದರ ವೇಷ ಹಾಕ್ಕೊಂಡು ಕ್ಯಾಮೆರಾನ ಬಂದು ನಿಂತಿತ್ತು ನೋಡ್ರಿ.

ಇದನ್ನ ಅಳಿಯಾಕ ಅವರು ಮಾಡಿದ ಉಪಾಯ ಮೆಚ್ಚಬೇಕು. ಎಲ್ಲಾ ಗ್ರಾಫ್ ತಲಿ ಕೆಳಗ ಮಾಡಿ, ತಗ್ಗು ದಿಬ್ಬ ಆಗ್ತದ ದಿಬ್ಬ ತಗ್ಗು ಆಗ್ತದ, ಮತ್ತ ಹುಡುಕಾಕ ಹಚ್ಚಿದ್ರು. ಅದರಾಗ ಖರೆ ಗ್ರಹ ಇರಾಕ ಸಾಧ್ಯ ಇಲ್ಲ, ಸಿಕ್ಕಿದ್ದೆಲ್ಲಾ ಸುಳ್ಳು, ಅದ ಸುಳ್ಳಿನ ಪ್ರಮಾಣ. ಇನ್ನೊಮ್ಮೆ ಮೂರ್ಮೂರು ತಿಂಗಳಿನ ತುಂಡುಗಳನ್ನ ಹಿಂದ ಮುಂದ ಕಲಸಿ ಹುಡುಕಿದ್ರು. ಆಮ್ಯಾಲೆ ಉಲ್ಟಾ ಲೆಕ್ಕ, ಖರೆ ಡೇಟಾದೊಳಗ ತಾವ ಕೃತಕ ತಗ್ಗು ಹುಗದಿಟ್ಟು ಎಷ್ಟು ಮರಳಿ ಸಿಗ್ತಾವ ನೋಡಿದ್ರು, ಸಿಗದೇ ಹೋದದ್ದು ನಮ್ಮ ಜರಡಿಯೊಳಗ ಜಾರಿ ಹೋಗೋ ಗ್ರಹಗಳ ಪ್ರಮಾಣ. ಈ ಎರಡೂ ಅಂಕಿ ಇಲ್ಲದ "ಆಕಾಶದಾಗ ಭೂಮಿಯಂಥವು ಇಷ್ಟು ಕೋಟಿ ಅದಾವ" ಅಂತ ಯಾರಾದ್ರೂ ಹೇಳಿದ್ರ ಅದನ್ನ ಪ್ರಿಂಟ್ ಮಾಡಬ್ಯಾಡ್ರಿ.

ಪ್ರಶ್ನೆ: ಹೊಸ ಗ್ರಹ ಇಷ್ಟೆಲ್ಲಾ ಸಿಕ್ಕ ಮೇಲೆ ಜಾತಕದೊಳಗ ಅವನ್ನ ಯಾವ ಮನಿಯೊಳಗ ಕೂಡಿಸಬೇಕು?
ಲಕ್ಷ್ಮೇಶ್ವರ

ಅವು ಆಗಲೇ ತಮ್ಮ ತಮ್ಮ ಸೂರ್ಯನ ಮನಿಯೊಳಗ ಆರಾಮ ಅದಾವ, ಅಲ್ಲೇ ಇರ್ಲಿ ಬಿಡ್ರಿ.

ಪ್ರಶ್ನೆ: ಗಾಲಿ ಕೆಟ್ಟ ದೂರದರ್ಶಕನ ರಿಪೇರಿ ಮಾಡದ ಮತ್ತ ವರ್ಷಗಟ್ಟಲೆ ಓಡಿಸಿದ್ರಂತ. ಹೆಂಗ ಸಾಧ್ಯ?
ಆಟೋ ಎಲೆಕ್ಟ್ರಿಷಿಯನ್, ಗೋಕುಲ ರಸ್ತೆ, ಹುಬ್ಬಳ್ಳಿ

ರಿಪೇರಿಗೆ ಹೋಗಾಕ ಆಗತಿರಲಿಲ್ಲ, ಕೆಪ್ಲರ್ ಭೂಮಿ ಸುತ್ತ ಅಲ್ಲ, ಭೂಮಿ ಹಿಂದ ಹಿಂದ ಸೂರ್ಯನ ಸುತ್ತ ಹೊಂಟಿತ್ತು. ಮೈ ಅಲುಗಾಡದಂಗ ಹಿಡಿಯೋ ರಿಯಾಕ್ಷನ್ ವ್ಹೀಲ್ ನಾಲ್ಕಿದ್ವು, ಮೂರು ಬೇಕೇ ಬೇಕು, 2012ರ ಜುಲೈನಾಗ ಒಂದು ಹೋತು, 2013ರ ಮೇದಾಗ ಇನ್ನೊಂದು. ಎರಡರ ಮ್ಯಾಲೆ ನಿಲ್ಲಂಗಿಲ್ಲ. ಆವಾಗ ಎಂಜಿನಿಯರ್‌ಗಳು ಸೂರ್ಯನ ಬೆಳಕಿನ ಒತ್ತಡಾನ ಮೂರನೇ ಆಸರಾ ಮಾಡ್ಕೊಂಡ್ರು, ಬೆಳಕು ಸೋಲಾರ್ ಪ್ಯಾನೆಲ್ ಮ್ಯಾಲೆ ಎರಡೂ ಕಡೆ ಸಮ ಬೀಳೋಹಂಗ ನಿಲ್ಲಿಸಿದ್ರ ತೂಗಿಕೊಂಡು ನಿಲ್ತದ. ಆದ್ರ ಹಂಗ ನಿಲ್ಲಬೇಕಂದ್ರ ಅದು ತನ್ನ ಕಕ್ಷೆಯ ಸಮತಲದ ಕಡೆಗೇ ನೋಡಬೇಕು, ಅದೂ ಸುಮಾರು 80 ದಿನಕ್ಕೊಮ್ಮೆ ಜಾಗ ಬದಲಿಸಬೇಕು. 2014ರಿಂದ ಕೆ2 ಅಂತ ಹೊಸ ಹೆಸರಿನ ಮ್ಯಾಲೆ ಓಡಿ 2018ರ ಅಕ್ಟೋಬರ್‌ನಾಗ ಇಂಧನ ತೀರಿ ನಿಂತಿತು.

ಡೇಟಾಕ್ಕ ಏನಾತಂದ್ರ, ತೂಗಿಕೊಂಡು ನಿಂತದ್ದು ನಿಧಾನ ಜಾರ್ತದ, ಸುಮಾರು ಆರು ತಾಸಿಗೊಮ್ಮೆ ಥ್ರಸ್ಟರ್, ಅಂದ್ರ ಸಣ್ಣ ರಾಕೆಟ್, ಹೊಡದು ಮತ್ತ ಜಾಗಕ್ಕ ತರ್ತಾರ. ನಕ್ಷತ್ರ ಪಿಕ್ಸೆಲ್‌ಗಳ ಮ್ಯಾಲೆ ಅತ್ತ ಇತ್ತ ಸರದು ಬೆಳಕಿನ ಗ್ರಾಫ್ ಗರಗಸದ ಹಲ್ಲಿನಂಗ ಆತು, ಅದೂ ಆರು ತಾಸಿಂದು, ಟ್ರಾನ್ಸಿಟ್‌ನ ಉದ್ದನೂ ಅಷ್ಟ ಇರ್ತದಲ್ಲ! ಕೆಟ್ಟದ್ದರಾಗ ಒಂದ್ ಒಳ್ಳೇದೂ ಇತ್ತು, ಜಾರೋದು ಪ್ರತಿ ಸಲ ಹೆಚ್ಚುಕಡಿಮಿ ಅದ ದಾರಿಯೊಳಗ. ನಕ್ಷತ್ರ ಪಿಕ್ಸೆಲ್‌ನ ಈ ಜಾಗದಾಗ ಇದ್ರ ಇಷ್ಟು ಬೆಳಕು ಅಂತ ಆ ದಾರಿ ಉದ್ದಕ್ಕೂ ತಖ್ತೆ ಮಾಡಿ, ಅದರಿಂದ ಭಾಗಿಸಿದ್ರ ಗರಗಸ ಬಹುಮಟ್ಟಿಗೆ ಮಾಯ. ಆ್ಯಂಡ್ರ್ಯೂ ವ್ಯಾಂಡರ್‌ಬರ್ಗ್, ಜಾನ್ ಜಾನ್ಸನ್ ಅನ್ನೋರು 2014ರಾಗ ಇದನ್ನ ಮಾಡಿ ತೋರಿಸಿದ್ರು. ಕುಂಟ ಯಂತ್ರದಿಂದ ಮೂಲ ಕೆಪ್ಲರ್ ಹತ್ರ ಹತ್ರದ ನಿಖರತೆ ಬಂತು.

ಪ್ರಶ್ನೆ: ಈಗ ಎಐ ಬಂದಿದೆ, ಇನ್ನು ಮನುಷ್ಯರು ಈ ಗ್ರಾಫ್ ನೋಡುವ ಅಗತ್ಯ ಇದೆಯಾ?
ಪಿಯುಸಿ ವಿದ್ಯಾರ್ಥಿ, ರಾಣೆಬೆನ್ನೂರು

ಅದ. ಎಐ ಏನ್ ಮಾಡ್ಯದ ಅದನ್ನ ಮೊದಲ ಹೇಳ್ತೀನಿ. 2017ರ ಡಿಸೆಂಬರ್‌ನಾಗ ಗೂಗಲ್‌ನ ಕ್ರಿಸ್ಟೋಫರ್ ಶಲ್ಯೂ, ಮ್ಯಾಲೆ ಹೇಳಿದ ವ್ಯಾಂಡರ್‌ಬರ್ಗ್ ಇಬ್ಬರೂ ಕೂಡಿ ನ್ಯೂರಲ್ ನೆಟ್‌ವರ್ಕ್‌ಗೆ ಸುಮಾರು 15,000 ಕೆಪ್ಲರ್ ಸುಳಿವು ತೋರಿಸಿ, ಇದು ಗ್ರಹ, ಇದಲ್ಲ ಅಂತ ಕಲಿಸಿದ್ರು, ಆಮ್ಯಾಲೆ ಮೊದಲ ಗ್ರಹ ಸಿಕ್ಕಿದ್ದ 670 ನಕ್ಷತ್ರದ ದುರ್ಬಲ ಸುಳಿವು ನೋಡಾಕ ಹಚ್ಚಿದ್ರು. ಕೆಪ್ಲರ್-90ರ ಸುತ್ತ ಎಂಟನೇ ಗ್ರಹ ಸಿಕ್ತು, 14.4 ದಿನದ ಅವಧಿ, ನಮ್ಮ ಸೂರ್ಯನಷ್ಟ ಗ್ರಹ ಇರೋ ಇನ್ನೊಂದ್ ಸಂಸಾರ. ಆದ್ರ ಆ 15,000ಕ್ಕ ಇದು ಹೌದು ಇದು ಅಲ್ಲ ಅಂತ ಚೀಟಿ ಹಚ್ಚಿದವರು ಯಾರು? ಮನುಷ್ಯರು.

ಇನ್ನೊಂದ್ ಕಡೆ 2010ರಿಂದ ಪ್ಲಾನೆಟ್ ಹಂಟರ್ಸ್ ಅಂತ ಯೋಜನೆ ನಡದದ, ಸಾಮಾನ್ಯ ಜನ ಮನಿಯಾಗ ಕೂತು ಗ್ರಾಫ್ ನೋಡಿ ಗುರುತು ಹಾಕೋದು. ಕೆಐಸಿ 8462852 ಅನ್ನೋ ನಕ್ಷತ್ರನ ಎತ್ತಿ ತೋರಿಸಿದ್ದು ಅವರು, ಅದರ ಬೆಳಕು ಒಮ್ಮೆ ನೂರಕ್ಕ 22ರಷ್ಟು ಕುಸಿದಿತ್ತು, ನಿಯಮಿತ ಅವಧಿ ಇಲ್ಲ, ಆಕಾರಕ್ಕ ತಲಿ ಬುಡ ಇಲ್ಲ. ಕಂಪ್ಯೂಟರ್‌ಗೆ ಸರಿಯಾದ ಹೊತ್ತಿಗೆ ಬರೋ ಚೌಕ ತಗ್ಗು ಹುಡುಕು ಅಂತ ಹೇಳಿದ್ರ ಅದು ಅದನ್ನಷ್ಟ ಹುಡುಕ್ತದ ತಮ್ಮಾ, ಉಳದದ್ದು ಅದರ ಮುಂದ ಹಾದು ಹೋದ್ರೂ ಕತ್ತು ಎತ್ತಿ ನೋಡಂಗಿಲ್ಲ. ಕೆ2-138ರ ಸುತ್ತಿನ ಗ್ರಹಗಳನ್ನೂ ಮೊದಲ ಗುರುತಿಸಿದ್ದು ಇಂಥ ಹವ್ಯಾಸಿ ಮಂದಿ, 2018ರಾಗ ಪ್ರಕಟ ಆತು. ಟೆಸ್‌ನ ಡೇಟಾಕ್ಕೂ ಇದು ನಡದದ, ನೀನೂ ಪರೀಕ್ಷಾ ಮುಗದ ಮ್ಯಾಲೆ ಕೂಡು, ಈಗ ಬ್ಯಾಡ, ನಿಮ್ಮಪ್ಪ ನನಗ ಬೈತಾರ.

ಪ್ರಶ್ನೆ: ನಮ್ಮ ದೇಶದಲ್ಲಿ ಈ ಕೆಲಸ ಯಾರು ಮಾಡ್ತಾರೆ? ಡೇಟಾ ಎಲ್ಲಾ ಅಮೆರಿಕದ್ದು, ನಮಗೆ ಸಿಗೋದು ಹೇಗೆ, ಎಷ್ಟು ಖರ್ಚು?
ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಖರ್ಚು ನಿನ್ನ ಮೊಬೈಲ್ ರೀಚಾರ್ಜ್ ಅಷ್ಟ. ಕೆಪ್ಲರ್, ಕೆ2, ಟೆಸ್ ಮೂರರದ್ದೂ ಡೇಟಾ ಬಾಲ್ಟಿಮೋರ್‌ನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ನಡಸೋ ಮಾಸ್ಟ್ ಅನ್ನೋ ಭಂಡಾರದಾಗ ಅದ, ಯಾರು ಬೇಕಾದ್ರೂ ಪುಕ್ಕಟೆ ಇಳಿಸ್ಕೋಬಹುದು. ಒಂದ್ ನಕ್ಷತ್ರದ ಒಂದ್ ಸೆಕ್ಟರ್, ಅಂದ್ರ 27 ದಿನದ ಎರಡು ನಿಮಿಷದ ಲೈಟ್ ಕರ್ವ್ ಎರಡು ಎಂಬಿ ಆಸುಪಾಸು, ಹಳೇ ಲ್ಯಾಪ್‌ಟಾಪ್ ಸಾಕು. ಪೂರ್ತಿ ಆಕಾಶದ ಚಿತ್ರ ಬೇಕಂದ್ರ ಮಾತ್ರ ಹಾರ್ಡ್ ಡಿಸ್ಕ್ ಬಗ್ಗೆ ಯೋಚಿಸು.

ನಮ್ಮ ದೇಶದಾಗ ಅಹಮದಾಬಾದ್‌ನ ಭೌತ ಸಂಶೋಧನಾ ಪ್ರಯೋಗಾಲಯದವರು ಮೌಂಟ್ ಅಬುವಿನ ಗುರುಶಿಖರದಾಗ ಪಾರಸ್ ಅನ್ನೋ ಸ್ಪೆಕ್ಟ್ರೋಗ್ರಾಫ್ ಇಟ್ಟಾರ. ಟ್ರಾನ್ಸಿಟ್ ಗ್ರಹದ ಅಗಲ ಹೇಳ್ತದ, ತೂಕ ಹೇಳಂಗಿಲ್ಲ, ತೂಕಕ್ಕ ಗ್ರಹ ಜಗ್ಗಿದಂಗೆಲ್ಲಾ ನಕ್ಷತ್ರ ಎಷ್ಟು ಹಿಂದ ಮುಂದ ಆಗ್ತದ ಅಂತ ಅದರ ಬೆಳಕಿನ ವರ್ಣಪಟಲದಾಗ ಅಳೀಬೇಕು. ಕೆ2 ಡೇಟಾದೊಳಗ ಕಂಡ ಒಂದ್ ಸುಳಿವನ್ನ ಅವರು 2018ರಾಗ ಖಾತ್ರಿ ಮಾಡಿದ್ರು, ಕೆ2-236ಬಿ ಅಂತ, ಭೂಮಿಯ ಸುಮಾರು 27 ಪಟ್ಟು ತೂಕ, ಆರು ಪಟ್ಟು ಅಗಲ, ಹತ್ತೊಂಬತ್ತೂವರಿ ದಿನಕ್ಕ ಒಂದ್ ಸುತ್ತು. ಆಮ್ಯಾಲೆ 2021ರಾಗ ಟೆಸ್ ಸುಳಿವಿನ ಮ್ಯಾಲೆ ಟಿಓಐ-1789ಬಿ. ಈಗ ಅಲ್ಲಿ ಎರಡೂವರಿ ಮೀಟರ್ ದೂರದರ್ಶಕದ ಮ್ಯಾಲೆ ಪಾರಸ್-2 ಕೂಡಿಸ್ಯಾರ.

ನಿನಗ ಪ್ರೋಗ್ರಾಮಿಂಗ್ ಬರ್ತದ ಅಂದಿ, ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಮತ್ತೊಂದ್ ಹಾಜರಿ ಹಾಕೋ ಆ್ಯಪ್ ಮಾಡೋದಕಿಂತ ಇದನ್ನ ತಗೋ: ಒಂದ್ ಸಪಾಟು ನಕ್ಷತ್ರದ ಟೆಸ್ ಡೇಟಾದೊಳಗ ನೀನ ಬ್ಯಾರೆ ಬ್ಯಾರೆ ಆಳದ ಕೃತಕ ತಗ್ಗು ಹಾಕು, ಫ್ಲ್ಯಾಟನ್‌ನ ವಿಂಡೋ ಬದಲಸ್ತಾ ಹೋಗು, ಯಾವ ವಿಂಡೋಕ್ಕ ಎಷ್ಟು ತಗ್ಗು ಮರಳಿ ಸಿಕ್ವು ಅಂತ ಒಂದ್ ಗ್ರಾಫ್ ಹಾಕು. ಗೈಡ್ ಏನರ ತಕರಾರು ತಗದ್ರ ಈ ಪುಟ ತೋರಿಸು.